ಅಪ್ಪ ಕೊಟ್ಟ ಅಂಕ

ಮಗಳೇ,

ಅಪ್ಪ ಹಾಗೇ ಇದ್ದಾರೆ. ಮಾತು ಬಂದಿಲ್ಲ, ಕರೆದರೆ ತಿರುಗುವುದೂ ಇಲ್ಲ. ಪಾರ್ಶ್ವವಾಯು ಹೊಡೆದವರಿಗೆ ಇಷ್ಟದ ಹಾಡು ಕೇಳಿಸಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ಅವರ ರೆಕಾರ್ಡುಗಳನ್ನೆಲ್ಲ ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡೆ. ಪ್ರತಿ ಆಲ್ಬಮ್ಮಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರಲ್ಲ, ಹತ್ತು ಪಡೆದವನ್ನೇ ಮೊದಲು ಹಾಕಿದೆ. "ಇದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ" ಅನ್ನುತ್ತಿದ್ದರಲ್ಲ, ಆ ಪಿಟೀಲಿನ ಆಲ್ಬಮ್ಮನ್ನೂ ಹಾಕಿದೆ. ಅವರು ಗೋಡೆ ನೋಡುತ್ತಾ ಮಲಗಿದ್ದರು. ನಾನೂ ಗೋಡೆಯನ್ನೇ ನೋಡುತ್ತಾ ಕೂತಿದ್ದೆ. ನನಗೆ ಅಳುವೂ ಬರುತ್ತಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಉಂಡರೂ ತಿಳಿಯುತ್ತಿಲ್ಲ.

ನಿನ್ನೆ ಸಾಕಾಗಿ, ನನಗೋಸ್ಕರ ನನ್ನ ಮೆಚ್ಚಿನ ಗಾಯಕಿಯ ಹಳೆಯ ಆಲ್ಬಂ ಹಾಕಿಕೊಂಡೆ. ಅದಕ್ಕೆ ನಾನು ಹತ್ತು ಕೊಟ್ಟಾಗ, "ಬೆಕ್ಕಿನ ಬಾಲ ತುಳಿದ ಹಾಗಿದೆ, ಎರಡು ಕೊಟ್ಟಿದ್ದೇ ಹೆಚ್ಚು" ಎಂದು ಮದುವೆಯಾದ ಹೊಸದರಲ್ಲೇ ಅಪ್ಪ ಜಗಳಕ್ಕೆ ಬಂದಿದ್ದರು. ಮೊದಲ ಹಾಡು ಮುಗಿಯುವ ಮುಂಚೆಯೇ ಹೊದಿಕೆಯ ಮೇಲೆ ಅವರ ಎಡಗೈ ಅಲುಗಿತು. ಎರಡು ಬೆರಳು ಮೇಲೆದ್ದವು.

"ನರ ಸೆಳೆದಿರಬೇಕಮ್ಮ," ಅಂದರು ಮನೆಗೆ ಬರುವ ನರ್ಸ್.

ನಾನು ಅಪ್ಪನ ಕಡೆ ಬಗ್ಗಿದೆ. "ನಿಮಗೆ ಸಂಗೀತದ ಗಂಧಗಾಳಿಯೂ ಇಲ್ಲರೀ," ಎಂದು ಅವರಿಗೆ ಹೇಳಿ, ರೆಕಾರ್ಡನ್ನು ಇನ್ನೊಂದು ಬದಿಗೆ ತಿರುಗಿಸಿ ಹಾಕಿದೆ.

ಆ ಗಾಯಕಿಯ ಇನ್ನೊಂದು ಆಲ್ಬಂ ನಿನ್ನ ಮನೆಯಲ್ಲಿದೆ. ಶನಿವಾರ ಬರುವಾಗ ಮರೆಯದೆ ತಾ. ಬಟ್ಟೆಗಳ ನಡುವೆ ಇಟ್ಟುಕೊಂಡರೆ ಒಡೆಯುವುದಿಲ್ಲ. ಅದಕ್ಕೆ ಅಪ್ಪ ಸೊನ್ನೆ ಕೊಟ್ಟಿದ್ದರು. ಸೊನ್ನೆಯನ್ನು ಹೇಗೆ ತೋರಿಸುತ್ತಾರೋ ನೋಡಬೇಕು.

ನಿನ್ನ ಅಮ್ಮ