ಪಿಟೀಲು ಬಾರಿಸುವ ಮುಂಚೆ ಏನಾಯಿತು?

ಗಾಳಿಯೂರು, ಕಪ್ಪತಗುಡ್ಡ
ಫೆಬ್ರವರಿ ಮೂವತ್ತು, ಇಸವಿ ೨೩೧೧

ಶಾಲೆಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿರುವ ಹಿರಿಯರಿಗೆ ಫಕೀರವ್ವನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ನಾನು ಓದಿದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಆರನೆಯದರ ಚಿತ್ರ ಕೆಟ್ಟುಹೋಗಿದೆ, ಹಾಗಾಗಿ ನಮ್ಮೂರಲ್ಲಿ ಆರನೆಯ ಇಯತ್ತೆಯೇ ಇಲ್ಲ. ಊರವರ ಮುಂದೆ ಬಾಯಿ ತೆರೆಯಲು ನನಗೆ ನಾಚಿಕೆ. ಮುನ್ನೂರು ವರ್ಷ ಹಿಂದಿರುವ ನಿಮ್ಮ ಮುಂದೆ ಅಷ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ದೊಡ್ಡ ನೆರೆ ಬಂದಾಗ ಈ ಗುಡ್ಡ ಹತ್ತಿದವರಲ್ಲಿ ಶಾಲೆ ನಡೆಸಿ ಬಲ್ಲವರು ಯಾರೂ ಇರಲಿಲ್ಲ. ಅವರ ಹತ್ತಿರ ಒಂದು ಪೆಟ್ಟಿಗೆ ತುಂಬ ನಿಮ್ಮ ಚಿತ್ರಗಳಿದ್ದವು. ಒಳ್ಳೆಯ ಶಾಲೆ ಹೇಗಿರಬೇಕೆಂದು ತೋರಿಸುವ ಚಿತ್ರಗಳು. ಅವನ್ನು ಇಟ್ಟು ನೋಡುವ ಕಲ್ಲಿನ ಕೋಣೆಗೆ ನೋಟಮನೆ ಎನ್ನುತ್ತೇವೆ. ಅಲ್ಲಿ ಕಂಡದ್ದನ್ನು ನಮ್ಮೂರ ಹಿರಿಯರು ಕಂಡ ಹಾಗೆಯೇ ಶಾಲೆಗೆ ತಂದರು. ಇವತ್ತಿಗೂ ಬೆಳಿಗ್ಗೆ ಮಕ್ಕಳು ನಗುತ್ತ, ನಿಧಾನವಾಗಿ ಓಡಿಬರಬೇಕು. ಜೋರಾಗಿ ಓಡಿದವರನ್ನು ಗೇಟಿಗೆ ವಾಪಸು ಕಳಿಸುತ್ತಾರೆ. ಎಲ್ಲರೂ ದುಂಡಗೆ ಕೂತ ಮೇಲೆ ಒಬ್ಬರು ಸುಮ್ಮನೆ ಕಿಟಕಿಯಾಚೆ ನೋಡುತ್ತಿರಬೇಕು, ಅದಕ್ಕೂ ಪಾಳಿ ಇದೆ. ಮಧ್ಯಾಹ್ನ ನಮ್ಮ ದ್ಯಾಮಣ್ಣ ಮಾಸ್ತರರು ಕುರ್ಚಿಯಲ್ಲಿ ಕೂತು, ಎದುರಿಗೆ ಯಾರೂ ಇಲ್ಲದಿದ್ದರೂ ತುಸು ಓರೆಯಾಗಿ ಗೋಡೆಯತ್ತ ನೋಡುತ್ತ, “ಪ್ರತಿ ಮಗುವೂ ವಿಶಿಷ್ಟ” ಎನ್ನುತ್ತಾರೆ. ಆಗ ಯಾರೂ ಕೆಮ್ಮುವಂತಿಲ್ಲ.

ಇಷ್ಟನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು ‘ತಿರುವು’. ನಿಮ್ಮ ಪ್ರತಿ ಚಿತ್ರದಲ್ಲೂ ಒಂದು ಮಗು ಮೊದಲು ತಡವರಿಸುತ್ತದೆ. ಆಮೇಲೆ ಪಿಟೀಲು ಕೇಳಿಸುತ್ತದೆ, ಮೋಡ ಸರಿಯುತ್ತದೆ, ಮಗು ಸರಾಗವಾಗಿ ಓದುತ್ತದೆ. ಮಕ್ಕಳು ಕಲಿಯುವುದು ಪಿಟೀಲಿನಿಂದ ಎಂದು ನಮ್ಮವರು ತಿಳಿದರು. ಇನ್ನೇನು ತಿಳಿಯಬೇಕಿತ್ತು? ನಡುವೆ ನೀವು ಬೇರೇನನ್ನೂ ತೋರಿಸಿಲ್ಲವಲ್ಲ! ಮಾಸ್ತರರು ಅಕ್ಷರಗಳನ್ನು ಒಮ್ಮೆ ತೋರಿಸುತ್ತಾರೆ, ಮಗು ತಡವರಿಸುತ್ತದೆ, ಅವರು ಪಿಟೀಲು ಬಾರಿಸಿ ಕಾಯುತ್ತಾರೆ. ಇದಕ್ಕೇ ನಮ್ಮಲ್ಲಿ ತಿರುವು ಎನ್ನುವುದು. ಮೂರು ತಿರುವಿನಲ್ಲೂ ಓದದ ಮಗುವನ್ನು ಶಾಲೆ ಬಿಡಿಸುತ್ತಾರೆ. ಮನೆಯಲ್ಲಿ ಯಾರಾದರೂ ಹೇಳಿಕೊಟ್ಟ ಮಕ್ಕಳು ಗೆಲ್ಲುತ್ತಾರೆ, ಹೆಸರು ಪಿಟೀಲಿಗೆ ಬರುತ್ತದೆ.

ನನ್ನ ತಂಗಿ ಹಾಲವ್ವ ಎರಡು ಸಲ ಸೋತಿದ್ದಳು. ಮೂರನೆಯದೂ ಹೋದರೆ ಗಾಳಿಗಿರಣಿಯ ರೆಕ್ಕೆ ಒರೆಸುವ ಕೆಲಸವೇ ಅವಳ ಪಾಲಿಗೆ. ಅದಕ್ಕೆ, ಅಜ್ಜಿ ನನಗೆ ಕಲಿಸಿದಂತೆ, ಒಲೆಯ ಪಕ್ಕ ಪರಾತದಲ್ಲಿ ಜೋಳದ ಹಿಟ್ಟು ಹರವಿ ಅವಳಿಂದ ಅಕ್ಷರ ತಿದ್ದಿಸತೊಡಗಿದೆ. ನಿನ್ನೆ ಬಂದದ್ದನ್ನು ಇವತ್ತು ಮರೆಯುತ್ತಿದ್ದಳು. ನೀರು ಬೇಕೆಂದಳು, ಕಾಲು ಜೋಮು ಹಿಡಿಯಿತೆಂದಳು, ಅತ್ತಳು. ನಾನು ಬೈದೆ, ಮತ್ತೆ ಹಿಟ್ಟು ಸಮ ಮಾಡಿದೆ. ಒಂದು ಸಂಜೆ ಮಜ್ಜಿಗೆ ಕೇಳಲು ಬಂದ ಮಾಸ್ತರರು ಇದನ್ನು ನೋಡಿಬಿಟ್ಟರು.

“ಏನ್ ನಡಸೀದವಾ ಇದು?”

“ಕಲಸಾಕತ್ತೇನ್ರಿ.”

“ಯಾವ ಚಿತ್ರದಾಗೈತಿ ಇದು?”

“ಯಾವುದ್ರಾಗೂ ಇಲ್ರಿ.”

“ಹಂಗಾರ ಇದು ಕಲಿಸೋದಲ್ಲ ಬಿಡು. ಹುಡುಗಿ ಆಕಳಸಾಕತ್ತಾಳ ನೋಡಿಲ್ಲಿ! ಆಕಳಿಸೋ ಕೂಸಿನ್ನ ಯಾವ ಚಿತ್ರದಾಗರ ನೋಡಿಯೇನು?”

“ಪಿಟೀಲು ಕೇಳಿದ್ರ ನನಗ ಇನ್ನೂ ಜೋರ್ ನಿದ್ದಿ ಬರತೈತ್ರಿ,” ಎಂದಳು ಹಾಲವ್ವ.

ಮಾಸ್ತರರು ಮಜ್ಜಿಗೆಯನ್ನೂ ಕುಡಿಯದೆ ಹೋದರು. ನಾವು ಬಿಡಲಿಲ್ಲ.

ನಿನ್ನೆ ಅವಳ ಮೂರನೆಯ ತಿರುವು. ಊರೆಲ್ಲ ಸೇರಿತ್ತು. ಮಾಸ್ತರರು ಇನ್ನೂ ಪಿಟೀಲಿನ ತಂತಿ ಬಿಗಿ ಮಾಡುತ್ತಿದ್ದರು, ಹಾಲವ್ವ ಹಲಗೆ ನೋಡಿ ಓದಲು ಶುರುಮಾಡಿಯೇ ಬಿಟ್ಟಳು.

“ತಡೀ ತಡೀ! ನಾ ಇನ್ನ ಬಾರಿಸೇ ಇಲ್ಲ!”

“ಬಾರಿಸ್ರಿ, ಯಾರು ಬ್ಯಾಡಂದ್ರು?” ಎಂದವಳೇ ಕೊನೆಯ ಸಾಲಿನವರೆಗೂ ಓದಿದಳು.

ಅದು ಲೆಕ್ಕಕ್ಕಿಲ್ಲವೆಂದರು ಮಾಸ್ತರರು. ಮೊದಲು ತಡವರಿಸಬೇಕೆಂದರು. “ಈಗ ಬರಾಕತ್ತೈತ್ರಿ, ಹೆಂಗ ತಡವರಿಸ್ಲಿ?” ಎಂದು ಅವಳು ಅಳುಮುಖ ಮಾಡಿದಳು. ನಾನು ದೂರದಿಂದ ಕೈಸನ್ನೆ ಮಾಡಿದ ಮೇಲೆ ಒಲ್ಲದ ಮನಸ್ಸಿನಿಂದ ತಡವರಿಸಿದಳು. ಪಿಟೀಲು ನುಡಿಯಿತು. ಅವಳು ಮತ್ತೆ ಓದಿದಳು. ಊರವರು ಕಣ್ಣೊರೆಸಿಕೊಂಡು ಪಿಟೀಲಿಗೆ ಕೈಮುಗಿದರು!

ಹಾಲವ್ವ ಶಾಲೆಯಲ್ಲಿ ಉಳಿದಳು. ಅವಳ ಪಕ್ಕ ಕೂರುವ ಮಲ್ಲಿಯ ಮನೆಯಲ್ಲಿ ಅಕ್ಷರ ಬಲ್ಲವರಿಲ್ಲ, ಅವಳ ಮೂರನೆಯ ತಿರುವೂ ಹತ್ತಿರ ಬಂದಿದೆ. ನಾನು ಇದನ್ನು ಬರೆಯುವಾಗ ಅವಳು ಪರಾತದ ಆಚೆ ಬದಿಗೆ ಕೂತು ಆಕಳಿಸುತ್ತಿದ್ದಾಳೆ. ಹಾಲವ್ವ ಅವಳಿಗೆ ನನ್ನಂತೆಯೇ ಬೈಯುತ್ತಿದ್ದಾಳೆ.

ಹಿರಿಯರೇ, ನೀವು ತರಗತಿಯಲ್ಲಿ ಕೂತಿದ್ದಿರಿ. ಈ ಆಕಳಿಕೆಯನ್ನು ನೋಡಿಯೇ ಇದ್ದೀರಿ. ಬೇಸರವಾಯಿತೆಂದು ಕತ್ತರಿಸಿ ಎಸೆದಿರಿ. ನೀವು ಎಸೆದದ್ದರಲ್ಲೇ ಶಾಲೆ ಇತ್ತು. ನಾಳೆ ಮತ್ತೆ ಚಿತ್ರ ತೆಗೆಯಲು ಹೋದಾಗ, ಮಗು ಅದೇ ಅಕ್ಷರವನ್ನು ಮತ್ತೆ ತಪ್ಪಿದರೆ, ದಯವಿಟ್ಟು ಕ್ಯಾಮೆರಾವನ್ನು ಮೋಡದ ಕಡೆ ತಿರುಗಿಸಬೇಡಿ. ಅಲ್ಲೇ ಇರಿ. ಮಲ್ಲಿಯ ಪಾಠಕ್ಕೆ ಹೊತ್ತಾಗುತ್ತಿದೆ.