ಹೆಬ್ಬೆರಳಿನ ಹೂವು

ಗಿರಿಜಕ್ಕಾ,

ಪ್ರೀತಿಯ, ಪೂಜ್ಯ ಅಂತೆಲ್ಲ ಬರೆಯುವುದಿಲ್ಲ. ಬರೆದರೆ "ಕರಪತ್ರ ಬರಿಯೋ ಕೈಗೆ ಏನಾಯ್ತೇ ಮಾರಾಯ್ತಿ?" ಅಂತೀಯ. ನೀನು ಹೋಗಿ ತಿಂಗಳಾಗುತ್ತಾ ಬಂತು. ನನಗಿನ್ನೂ ಅಳು ಬಂದಿಲ್ಲ. ಊಟ ಮಾಡುತ್ತೇನೆ, ಬಸ್ಸು ಹತ್ತುತ್ತೇನೆ, ಸಂಘದ ಮೀಟಿಂಗಿನಲ್ಲಿ ಕೂಗಾಡುತ್ತೇನೆ. ಒಳಗೆ ಮಾತ್ರ ಕರೆಂಟು ಹೋಗಿದೆ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮೊದಲ ಸಲ ನಿನ್ನ ಕೈ ನೋಡಿದ್ದು ಮಲವಗೊಪ್ಪದ ಹತ್ತಿರ, ಅಡಿಕೆ ಸುಲಿಯುವ ಶೆಡ್ಡಿನಲ್ಲಿ. ಕೂಲಿಕಾರರ ಸಂಘಕ್ಕೆ ಹೆಂಗಸರನ್ನು ಸೇರಿಸಲು ನಾನು ವಿದ್ಯಾನಗರದಿಂದ ಬಂದಿದ್ದೆ. ನೀನು ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದು ಮೆಟ್ಟುಗತ್ತಿಯ ಮುಂದೆ ಕೂತಿದ್ದೆ. ಸಾಲಿನಲ್ಲಿದ್ದ ಅಷ್ಟೂ ಹೆಂಗಸರ ಬೆರಳು ಹಸಿ ಅಡಿಕೆಯ ಚೊಗರು ಕುಡಿದು ಕಪ್ಪಾಗಿದ್ದವು. ನಿನ್ನ ಬೆರಳೂ ಕಪ್ಪೇ. ಉಗುರು ಮಾತ್ರ ತಿಳಿಗುಲಾಬಿ, ಒಂದೊಂದರ ಮೇಲೂ ಬಿಳಿ ಚುಕ್ಕೆಯ ಹೂವು. ನಾನು ಸುಮ್ಮನಿರುವವಳೇ? "ದುಡಿಮೆಯ ಕಲೆ ಯಾಕಕ್ಕಾ ಮುಚ್ಚಿಡ್ತೀಯ? ಅದು ನಮ್ಮ ಬಾವುಟ" ಅಂದೆ. ನೀನು ಕತ್ತಿಯಿಂದ ಕಣ್ಣೆತ್ತಲಿಲ್ಲ. "ಬಾವುಟ ನಿಂದು, ನೀನೇ ಇಟ್ಕೊ. ಉಗುರು ನಂದು." ಇಡೀ ಶೆಡ್ಡು ನಕ್ಕಿತು. ನಾನು ನಗಲಿಲ್ಲ.

ಒಂದು ಭಾನುವಾರ ನಿನ್ನ ಬಾಡಿಗೆ ಮನೆಗೆ ಬಂದಾಗ ನೀನು ಹೊಸ್ತಿಲ ಹತ್ತಿರ ಬಿಸ್ಕತ್ ಡಬ್ಬಿ ತೆರೆದುಕೊಂಡು ಕೂತಿದ್ದೆ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕೊಂಡ ಪುಟ್ಟ ಶೀಶೆಗಳು, ಹತ್ತಿ, ಗುಂಡುಸೂಜಿ, ಅಷ್ಟೇ ಆಸ್ತಿ. ನಮ್ಮ ಬೀದಿಯ ಪಾರ್ಲರಿನಲ್ಲಿ ಇದಕ್ಕೆ ನೇಲ್ ಆರ್ಟ್ ಅಂತಾರೆ, ಒಂದು ಕೈಗೇ ನಿನ್ನ ದಿನದ ಕೂಲಿ ಕೇಳ್ತಾರೆ ಅಂದೆ. "ಹಂಗಾದ್ರೆ ಇವತ್ತು ಸುಲಿದು ಒಂದು ಕೈ, ನಾಳೆ ಸುಲಿದು ಇನ್ನೊಂದು ಕೈ. ಊಟಕ್ಕೆ ಉಗುರು ಕಚ್ಕೋಬೇಕಾ?" ಅಂದೆ ನೀನು.

ಆಮೇಲೆ ಪಾಠವೇ ಶುರುವಾಯಿತು. ಮೊದಲು ಬಣ್ಣವಿಲ್ಲದ ಪಾಲಿಶ್ ಒಂದು ಪದರ ಬೇಕೇ ಬೇಕು. ನೀನು ಮೊದಲ ಸಲ ಚೊಗರಿನ ಮೇಲೆ ನೇರವಾಗಿ ಬಿಳಿ ಹಚ್ಚಿ, ಅದು ಕಾಮಾಲೆಯಂತೆ ಹಳದಿಗಟ್ಟಿ, ಮದುವೆಮನೆಯಲ್ಲಿ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದೆಯಂತೆ. ಉಗುರಿನ ಸುತ್ತ ಕೊಬ್ಬರಿ ಎಣ್ಣೆ ಸವರಿದರೆ ದಾಟಿದ ಬಣ್ಣ ಒರೆಸಿದಾಗ ಬರುತ್ತದೆ. ಸೂಜಿಯ ಗುಂಡು ತಲೆ ಅದ್ದಿ ಸುತ್ತ ಐದು ಚುಕ್ಕೆ, ನಡುವೆ ಹಳದಿ ಒಂದು. "ಆಮೇಲೆ?" ಅಂದೆ. "ಆಮೇಲೆ ಒಣಗೋವರ್ಗೂ ಏನೂ ಮುಟ್ಟಬಾರ್ದು. ಪಾತ್ರೆ ಇಲ್ಲ, ಪೊರಕೆ ಇಲ್ಲ. ನಾನು ಏನೂ ಮುಟ್ಟದೆ ಕೂರೋದು ಇದೊಂದು ಹೊತ್ತು ಕಣೇ. ಕೊಡು ಇಲ್ಲಿ, ನಿಂಗೂ ಹಚ್ತೀನಿ." ನಾನು ಕೈ ಹಿಂದೆ ತೆಗೆದುಕೊಂಡೆ. ಹೋರಾಟದವರಿಗೆ ಉಗುರೆಲ್ಲಿಯದು, ಅಲ್ಲವೇ...

ಅವತ್ತೇ ನಿನ್ನ ವಾರಗಿತ್ತಿ ಶಾಂತಮ್ಮ ಬಾಗಿಲಲ್ಲಿ ನಿಂತು ಕೇಳಿದಳಲ್ಲ, "ಗಂಡ ಹೋದೋಳು ಯಾರಿಗೆ ತೋರ್ಸೋಕೆ ಈ ಬಣ್ಣ?" ನೀನು ಉಗುರು ಊದುತ್ತಾ ಹೇಳಿದೆ, "ಮೆಟ್ಟುಗತ್ತಿಗೆ ಕಣೇ. ದಿನಾ ನನ್ನ ಎದುರಿಗೆ ಕೂರೋದು ಅದೊಂದೇ." ವಿಧವೆಯ ಮೈಮೇಲೆ ಊರಿಗೆಲ್ಲ ಹಕ್ಕಿದೆ ಎಂದು ತಿಳಿದ ಈ ಸಮಾಜಕ್ಕೆ ನಾನು ಪುಟಗಟ್ಟಲೆ ಬೈದಿದ್ದೇನೆ. ನಿನ್ನ ಒಂದು ಮಾತಿನ ಮುಂದೆ ಆ ಪುಟಗಳು...

ಧರಣಿಯ ಹಿಂದಿನ ಸಂಜೆ ಫೋನ್ ಮಾಡಿದವಳು ನೀನೇ. ಇಡೀ ಸುಗ್ಗಿ ಕೂತು ಸುಲಿಯುವ ಹೆಂಗಸರಿಗೆ ಶೆಡ್ಡಿನಲ್ಲೊಂದು ಶೌಚಾಲಯ ಬೇಕು ಎಂದು ಡಿ.ಸಿ. ಆಫೀಸಿನ ಮುಂದೆ ಕೂರಬೇಕಿತ್ತು. "ಎರಡೂ ಕೈ ಆಯ್ತು. ನಾಳೆ ಕೈ ಎತ್ತಿ ಕೂಗೋವಾಗ ಚೆನ್ನಾಗಿ ಕಾಣ್ಬೇಕಲ್ಲ" ಅಂದೆ ನೀನು. ಬೆಳಿಗ್ಗೆ ನೀನು ಏಳಲಿಲ್ಲ. ನಿದ್ದೆಯಲ್ಲೇ ಎದೆ ನಿಂತಿತ್ತು ಅಂದರು. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಏನು ಕಂಡೆನೋ ನೆನಪಿಲ್ಲ.

ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನಿನ್ನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಿಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲವಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು. ಬಂದವರ ಕಣ್ಣು ಹೋಗುವುದೇ ಆ ಕೈಗೆ. "ಲಿಂಗ ಹಿಡಿಯೋ ಕೈ. ಮೊದ್ಲು ಈ ಬಣ್ಣ ತೆಗೀರಿ" ಅಂದಳು ಶಾಂತಮ್ಮ. ನಿನ್ನದೇ ಡಬ್ಬಿ, ನಿನ್ನದೇ ಹತ್ತಿ, ನಿನ್ನದೇ ರಿಮೂವರ್. "ಮುಟ್ಟಬೇಡಿ" ಅಂದೆ. ದನಿ ದೊಡ್ಡದಾಗಿಯೇ ಬಂತು. ಅದರೊಳಗೆ ಕೋಪವೂ ಇರಲಿಲ್ಲ. ಅಷ್ಟರಲ್ಲಿ ಹೆಬ್ಬೆರಳಿನ ಹೂವು ಹತ್ತಿಗೆ ಬಂದಿತ್ತು.

ಕೆಳಗೆ ಉಗುರು ಕಪ್ಪಗಿತ್ತು, ಬುಡದವರೆಗೂ. ಹಿಂದಿನಿಂದ ಯಾರೋ ಅಂದರು, "ಅಯ್ಯೋ, ಕೈ ತೊಳಿಸ್ಲೇ ಇಲ್ವಾ?" ಶಾಂತಮ್ಮ ಸೋಪು ಹಾಕಿ ಉಜ್ಜಿದಳು. ನಿಂಬೆಹಣ್ಣು ತರಿಸಿ ಉಜ್ಜಿದಳು. ವರ್ಷಗಟ್ಟಲೆಯ ಚೊಗರು ಹೋಗುತ್ತದೆಯೇ? ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಏನೇ, ನಿಂಗೆ ಹಚ್ಚೋಕೆ ಬರುತ್ತಾ? ಬೇಗ ಮುಚ್ಚೇ, ಬಂದೋರು ಏನಂತಾರೆ?"

ನಾನು ಕೇಳುತ್ತಾ ಬಂದಿದ್ದ ಬಾವುಟ ಅಲ್ಲೇ ಇತ್ತು, ನಿನ್ನ ಹೆಬ್ಬೆರಳ ಮೇಲೆ. ಹಾಗೇ ಬಿಡಬಹುದಿತ್ತು. ನೋಡಿ, ನಿಮ್ಮ ಊರಿನ ಅಡಿಕೆ ಯಾರ ಕೈ ತಿಂದಿದೆ ನೋಡಿ ಎಂದು ಒಂದು ಭಾಷಣವನ್ನೂ ಮಾಡಬಹುದಿತ್ತು. ಆದರೆ ಆ ಉಗುರು ಶಾಂತಮ್ಮನದಲ್ಲ, ನನ್ನದೂ ಅಲ್ಲ. ಡಬ್ಬಿ ಎಳೆದುಕೊಂಡೆ. ಬಣ್ಣವಿಲ್ಲದ್ದು ಮೊದಲು, ಮರೆತಿರಲಿಲ್ಲ. ಆಮೇಲೆ ಗುಲಾಬಿ, ಆಮೇಲೆ ಚುಕ್ಕೆ. ನಿನ್ನ ಕೈ ತಣ್ಣಗಿತ್ತು, ನನ್ನ ಸೂಜಿ ಜಾರಿ ಒಂದು ಎಸಳು ಉಗುರು ದಾಟಿ ಚರ್ಮಕ್ಕೆ ಬಿತ್ತು. ಎಣ್ಣೆ ಸವರುವುದನ್ನು ಮರೆತಿದ್ದೆ. ಒರೆಸಿದರೂ ಬರಲಿಲ್ಲ. ಐನೋರು ಲಿಂಗ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಆಗ್ಲಿ ತಾಯಿ, ಒಣಗ್ಲಿ" ಅಂದರು. ಒಣಗುವವರೆಗೆ ನಿನ್ನನ್ನು ಯಾರೂ ಮುಟ್ಟಲಿಲ್ಲ, ಗಿರಿಜಕ್ಕ. ನೀನೂ ಏನನ್ನೂ ಮುಟ್ಟಲಿಲ್ಲ.

ಧರಣಿ ಮುಂದಿನ ವಾರ ನಡೆಯಿತು. ಶೆಡ್ಡಿನ ಹಿಂದೆ ಗುಂಡಿ ತೋಡಿ ಗೋಡೆ ಎಬ್ಬಿಸಿದ್ದಾರೆ. ಬಾಗಿಲಿಲ್ಲ. ಗೋಣಿತಾಟು ಇಳಿಬಿಟ್ಟು "ಇಷ್ಟು ಸಾಕಲ್ಲಮ್ಮ ನಿಮ್ಗೆ" ಅಂತಾನೆ ಯಜಮಾನ. ಅವನ ಮನೆ ಹೆಂಗಸರಿಗೆ ಸಾಕಾಗುತ್ತದೆಯೇ? ನಾಳೆ ಮತ್ತೆ ಹೋಗುತ್ತೇವೆ. ಬಾಗಿಲು ಬಂದು ಚಿಲಕ ಬೀಳುವವರೆಗೆ ಬಿಡುವುದಿಲ್ಲ.

ಅವತ್ತು ಹೊರಡುವಾಗ ಡಬ್ಬಿಯನ್ನು ಶಾಂತಮ್ಮನೇ ನನ್ನ ಕೈಗಿಟ್ಟಳು. ಈಗಷ್ಟೇ ನನ್ನ ಎಡಗೈಗೆ ಹಚ್ಚಿ ಮುಗಿಸಿದೆ. ಬಲಗೈಗೆ ಹಚ್ಚಲು ಹೋದರೆ ಸೂಜಿ ಎಲ್ಲೆಲ್ಲೋ ಹೋಗುತ್ತದೆ. ನೀನು ಎರಡೂ ಕೈ ಒಬ್ಬಳೇ ಹೇಗೆ ಮಾಡಿಕೊಳ್ಳುತ್ತಿದ್ದೆ ಅಕ್ಕಾ? ನಾನು ಕೇಳಲೇ ಇಲ್ಲ. ಎಡಗೈ ಒಣಗುತ್ತಿದೆ, ಬರಿಯ ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಏನೂ ಮುಟ್ಟದೆ ಕೂರುವುದು ನನಗಿನ್ನೂ ಬಂದಿಲ್ಲ.

ಇಷ್ಟು ವರ್ಷ ಬಲಗೈ ಎತ್ತಿ ಘೋಷಣೆ ಕೂಗಿದ್ದೇನೆ. ನಾಳೆ ಎಡಗೈ ಎತ್ತುತ್ತೇನೆ.