ಗುಂಡಿ ಡಬ್ಬಿಯ ಮಾತ್ರೆಗಳು

ಹೊಲಿಗೆ ಕೋಣೆಯಿಂದ,
ಮಂಗಳವಾರ, ಹತ್ತೊಂಬತ್ತನೇ ತಾರೀಕು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಆ ಮೊದಲ ಪದ ಕೈಯ ಅಭ್ಯಾಸಕ್ಕೆ ಬಂದುಬಿಟ್ಟಿತು. ಹೊಡೆದುಹಾಕೋಣ ಅಂದುಕೊಂಡೆ, ಕಾಗದ ಗಲೀಜಾಗುತ್ತದೆ ಎಂದು ಸುಮ್ಮನಾದೆ. ಹೇಗಿದ್ದೀಯ? ಕೈನಡುಕ ನಿಂತಿತಾ? ಮೊದಲ ವಾರವೆಲ್ಲ ನಿನಗೆ ಭೇದಿ, ಬೆವರು, ಮೂಗು ಸುರಿತ, ಕಾಲು ಸೆಳೆತ ಎಂದು ಆ ಚಟ ಬಿಡಿಸುವ ಕೇಂದ್ರದವರು ಫೋನಿನಲ್ಲಿ ಹೇಳಿದರು. ಕೇಳಿದ ತಕ್ಷಣ ಅಯ್ಯೋ ಪಾಪ ಅನಿಸಿತು, ಫೋನು ಇಟ್ಟ ಮೇಲೆ ಚೆನ್ನಾಗಿ ಆಗಲಿ ಅನಿಸಿತು. ಎರಡೂ ನಿಜ. ಊಟ ಸೇರುತ್ತಿದೆಯಾ? ಅಲ್ಲಿ ಹೊದಿಕೆ ತೆಳ್ಳಗಿದೆ ಅಂದೆಯಂತೆ, ನಿನ್ನ ಕಂದು ರಗ್ಗು ಒಗೆದು ಕಳಿಸಿದ್ದೇನೆ. ಅಂಚು ಕಿತ್ತುಹೋಗಿತ್ತು, ಅದನ್ನೂ ಹೊಲಿದಿದ್ದೇನೆ. ಹೊಲಿದಷ್ಟು ಹೊತ್ತೂ ನಿನ್ನನ್ನು ಬಾಯಿಗೆ ಬಂದಂತೆ ಬೈದಿದ್ದೇನೆ, ಹಾಗಾಗಿ ಹೊಲಿಗೆ ಗಟ್ಟಿಯಾಗಿ ಬಂದಿದೆ.

ಅಮ್ಮ ಹೇಗಿದ್ದಾಳೆ ಎಂದು ನಿನ್ನ ಎರಡು ಸಾಲಿನ ಚೀಟಿಯಲ್ಲಿ ಕೇಳಿದ್ದೀಯ. ಕೇಳೋಕೆ ನಿನಗೆ ಮುಖವಾದರೂ ಹೇಗೆ ಬಂತೋ ಮಾರಾಯ! ಆಸ್ಪತ್ರೆಯಿಂದ ಮನೆಗೆ ಬಂದು ತಿಂಗಳಾಯಿತು. ಬೆನ್ನುಮೂಳೆಯ ಎರಡು ಬಿಲ್ಲೆ ಕುಸಿದು ನರ ಅಮುಕಿಕೊಂಡು ನಾಲ್ಕು ವರ್ಷ, ಅದೇನು ಒಂದು ತಿಂಗಳಲ್ಲಿ ವಾಸಿಯಾಗುತ್ತದಾ? ಈ ನಾಲ್ಕು ವರ್ಷದಲ್ಲಿ ನಾವು ನೋಡದ ದಾರಿಯಿಲ್ಲ. ಸಾದಾ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಹುಣ್ಣಾಗಿ ರಕ್ತ ಕಾರಿದಳು. ಆಪರೇಷನ್ ಮಾಡಿದರೆ ಸ್ಕ್ರೂ ಹಿಡಿಯುವಷ್ಟು ಗಟ್ಟಿ ಮೂಳೆಯೇ ಇಲ್ಲ ಅಂದರು. ಸೊಂಟದ ಬೆಲ್ಟು, ಬಿಸಿನೀರಿನ ಚೀಲ, ಗೋಡೆ ಹಿಡಿದು ಮಾಡುವ ವ್ಯಾಯಾಮ, ನರಕ್ಕೆಂದು ಕೊಟ್ಟ ಗುಳಿಗೆ, ಎಲ್ಲ ಆಯಿತು. ಕೊನೆಗೆ ನೋವಿನ ಡಾಕ್ಟರಮ್ಮ ಮಾರ್ಫಿನ್ ಜಾತಿಯ ಆ ಮಾತ್ರೆ ಬರೆದುಕೊಟ್ಟಾಗಲೇ ಮುಚ್ಚುಮರೆ ಇಲ್ಲದೆ ಹೇಳಿದ್ದರು: ಇದು ರೋಗ ವಾಸಿ ಮಾಡಲ್ಲ, ನೋವು ಪೂರ್ತಿ ಹೋಗಲ್ಲ, ಮೂರರಲ್ಲಿ ಒಂದು ಪಾಲು ತಗ್ಗಿದರೆ ಸಾಕು ಅಂದುಕೊಳ್ಳಿ. ಆ ಒಂದು ಪಾಲು ಏನು ಅಂತ ಅವರಿಗೆ ಹೇಗೆ ಗೊತ್ತಿರಬೇಕು! ಆ ಒಂದು ಪಾಲಿನಲ್ಲಿ ಅಮ್ಮ ತಾನೇ ಸ್ನಾನ ಮಾಡಿಕೊಂಡಳು. ಮುಕ್ಕಾಲು ಗಂಟೆ ಮಿಷನ್ ಮುಂದೆ ಕೂತು ಆರು ಕಾಲರ್ ತಿರುವಿದಳು. ನಾನು ಕತ್ತರಿಸಿದ ಜೇಬು ಓರೆಯಾಗಿದೆ ಎಂದು ಎರಡು ವರ್ಷದ ಮೇಲೆ ಮೊದಲ ಸಲ ನನ್ನನ್ನು ಗದರಿದಳು, ನಾನು ಸಂತೋಷಕ್ಕೆ ಅತ್ತೆ.

ಆ ಮಾತ್ರೆ ಅಮೃತ ಅಂತ ನಾನು ಹೇಳುತ್ತಿಲ್ಲ. ಅದರ ಹೊಲಸೂ ನಾನೇ ತೊಳೆದದ್ದು. ನಾಲ್ಕು ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡು ಅಮ್ಮ ಬಚ್ಚಲಲ್ಲಿ ಕೂತು ಅತ್ತದ್ದು, ನಾನು ಕೈಗೆ ಗವಸು ಹಾಕಿಕೊಂಡು ಮಾಡಬಾರದ್ದೆಲ್ಲ ಮಾಡಿದ್ದು, ಅದೆಲ್ಲ ನಿನಗೆಲ್ಲಿ ಗೊತ್ತು, ನೀನು ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿ ಹೊರಗೆ ಹೋಗಿರುತ್ತಿದ್ದೆ. ಒಂದು ಸಲ ತೂಕಡಿಸಿ ಹೊಲಿಗೆ ಮಿಷನ್ನಿನ ಮೇಲೇ ಬಾಯಿ ತೆರೆದು ನಿದ್ದೆ ಹೋದಳು, ಸೂಜಿ ಬೆರಳಿಗೆ ಎರಡು ನೂಲಿನಷ್ಟು ದೂರ. ಇದೆಲ್ಲ ಒಂದು ಕಡೆ, ಆ ಮುಕ್ಕಾಲು ಗಂಟೆ ಒಂದು ಕಡೆ. ನಾವು ಅಳೆದು ತೂಗಿ ಆ ಮುಕ್ಕಾಲು ಗಂಟೆಯೇ ಸಾಕು ಅಂದುಕೊಂಡೆವು. ಅಳೆಯುವಾಗ ಮನೆಯೊಳಗಿನ ನಿನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಥೂ, ಬರೆಯೋಕೇ ಹೇಸಿಗೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಅಲ್ಲಿ ಕೂತು ಓದು. ತಪ್ಪು ಮೊದಲು ನನ್ನದೇ. ಸ್ಟ್ರಿಪ್ಪಿನಿಂದ ಮಾತ್ರೆ ಒಡೆಯೋಕೆ ಅಮ್ಮನ ಬೆರಳಲ್ಲಿ ಶಕ್ತಿ ಇರಲಿಲ್ಲ. ನಮ್ಮ ಹೊಲಿಗೆ ಅಂಗಡಿಯಲ್ಲಿ ಮಾಡುವುದನ್ನೇ ನಾನು ಮಾಡಿದೆ. ಸೋಮವಾರ ಬೆಳಗ್ಗೆ ಒಂದೊಂದು ಬಟ್ಟೆಯ ಗಂಟಿಗೆ ಒಂದೊಂದು ಡಬ್ಬಿ, ಅದರೊಳಗೆ ಬೇಕಾದಷ್ಟೇ ಗುಂಡಿ, ದಾರ, ಹುಕ್ಕು. ಒಂದು ಸಲ ಮುಚ್ಚಿದ ಡಬ್ಬಿಯನ್ನು ಹೊಲಿಯುವ ತನಕ ಯಾರೂ ತೆರೆದು ನೋಡಬಾರದು, ಅದು ಅಮ್ಮ ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ ಶಿಸ್ತು. ಹಾಗೆಯೇ ಏಳು ಗುಂಡಿ ಡಬ್ಬಿಯಲ್ಲಿ ಏಳು ದಿನದ ಮಾತ್ರೆ ಒಡೆದು ಹಾಕಿ ಅವಳ ತಲೆದಿಂಬಿನ ಪಕ್ಕ ಸಾಲಾಗಿ ಇಟ್ಟೆ. ಬೇರೆ ಯಾವ ಮನೆಯಲ್ಲೂ ಇಂಥ ಬುದ್ಧಿವಂತಿಕೆ ಮಾಡುತ್ತಿರಲಿಲ್ಲ. ಸ್ಟ್ರಿಪ್ಪಿನಲ್ಲಿದ್ದರೆ ಖಾಲಿಯಾದದ್ದು ಕಣ್ಣಿಗೆ ಬೀಳುತ್ತಿತ್ತು. ನೀನು ನೋವಿನ ಮಾತ್ರೆ ಎತ್ತಿಕೊಂಡು ಅದರ ಜಾಗಕ್ಕೆ ಅವಳ ಕ್ಯಾಲ್ಸಿಯಂನ ಮೂಳೆ ಮಾತ್ರೆ ಹಾಕಿಟ್ಟೆ. ಎರಡೂ ಬಿಳಿ, ಎರಡೂ ದುಂಡಗೆ, ಎರಡೂ ಅಂಗಿಯ ಗುಂಡಿಯಷ್ಟೇ. ಮೊದಮೊದಲು ಒಂದೊಂದು, ಆಮೇಲೆ ಪೂರ್ತಿ. ಏಳು ವಾರ, ಕಣೋ! ಅಮ್ಮನಿಗೆ ಮಧ್ಯೆ ಮೈಯೆಲ್ಲ ಬೆವತು ಭೇದಿಯಾಯಿತಲ್ಲ, ನೆನಪಿದೆಯಾ? ಜ್ವರ ಬರುವ ಹಾಗಿದೆ ಎಂದು ಅವಳ ಹಣೆ ಮುಟ್ಟಿ ನೋಡಿದವನು ನೀನೇ. ಅದು ಜ್ವರ ಅಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವನೂ ನೀನೊಬ್ಬನೇ.

ನೋವು ತಡೆಯಲಾಗುತ್ತಿಲ್ಲ ಎಂದು ಅವಳು ಗೋಳಾಡಿದಾಗ ನಾನೇನು ಮಾಡಿದೆ ಗೊತ್ತಾ? ಮಾತ್ರೆ ತಿಂದ ಮೇಲೂ ಇದೇನಮ್ಮ ನಾಟಕ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ನಿನ್ನ ಮೇಲೆ ಅಸಹ್ಯಪಟ್ಟು ಸುಸ್ತಾದಾಗಲೆಲ್ಲ ನನ್ನ ಮೇಲೆ ಅಸಹ್ಯಪಡುತ್ತೇನೆ, ದಿನ ಹೋಗೋದೇ ಗೊತ್ತಾಗಲ್ಲ. ಡಾಕ್ಟರಮ್ಮ ದೇಹ ಮಾತ್ರೆಗೆ ಒಗ್ಗಿಹೋಗಿರಬೇಕು ಎಂದು ಎರಡು ಸಲ ಪ್ರಮಾಣ ಏರಿಸಿದರು. ಹೊಸ ಸ್ಟ್ರಿಪ್ಪು ವಾರದ ನಡುವೆ ಬಂದ ದಿನ ಶಾಲೆಯ ಸಮವಸ್ತ್ರದ ರಾಶಿ ಮುಂದಿತ್ತು, ಡಬ್ಬಿ ಬದಲಾಯಿಸಿ ತುಂಬಿಸೋಕೆ ಪುರುಸೊತ್ತಾಗಲಿಲ್ಲ, ಸ್ಟ್ರಿಪ್ಪಿನಿಂದಲೇ ಒಡೆದು ಅವಳ ಬಾಯಿಗೆ ಹಾಕಿದೆ. ವಾರಗಟ್ಟಲೆ ಬರೀ ಮೂಳೆ ಮಾತ್ರೆ ತಿಂದ ಮೈಗೆ ಒಮ್ಮೆಲೇ ಏರಿಸಿದ ಪ್ರಮಾಣ. ಊಟಕ್ಕೆ ಕರೆಯೋಣವೆಂದು ಹೋದರೆ ತುಟಿ ನೀಲಿ. ಒಂದು ಉಸಿರು ಬಂದರೆ ಇನ್ನೊಂದಕ್ಕೆ ನಾನು ಕಾಯಬೇಕು. ಹೆಗಲು ಹಿಡಿದು ಅಲುಗಾಡಿಸುತ್ತಾ ಕಿರುಚಿದೆ. ಆಂಬುಲೆನ್ಸಿನವರು ಬಂದು ಮೂಗಿಗೆ ಏನೋ ಮದ್ದು ಹೊಡೆದು ಉಸಿರು ಹಿಡಿದು ತಂದರು. ಆಸ್ಪತ್ರೆಯಲ್ಲಿ ಉಳಿದ ದಿನಗಳ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದು, ಬರೀ ಮೂಳೆ ಮಾತ್ರೆ ಕಂಡ ಡಾಕ್ಟರಮ್ಮ ನನ್ನ ಮುಖ ನೋಡಿದರು. ಮಗಳೇ ಕದ್ದಿದ್ದಾಳೆ ಅಂದುಕೊಂಡರು. ಭೂಮಿ ಬಾಯಿ ಬಿಡಬಾರದಾ ಅನಿಸಿತು. ಬಾಗಿಲ ಬಳಿ ನಿಂತಿದ್ದ ನಿನಗೆ ಆಗಲೂ ಬಾಯಿ ಬರಲಿಲ್ಲ, ಒಂದು ದಿನ ಪೂರ್ತಿ ಬರಲಿಲ್ಲ. ಮಾತ್ರೆ ಕದ್ದದ್ದನ್ನು ಎಂದಾದರೂ ಕ್ಷಮಿಸುತ್ತೇನೋ ಏನೋ, ಆ ಒಂದು ದಿನವನ್ನು ಕ್ಷಮಿಸೋಕೆ ನನ್ನಿಂದ ಆಗುತ್ತಿಲ್ಲ.

ನಿನ್ನದು ಹೇಗೆ ಶುರುವಾಯಿತು ಎಂದು ಅಮ್ಮ ಆಮೇಲೆ ಹೇಳಿದಳು. ಫ್ರಿಜ್ ಇಳಿಸುವಾಗ ನಿನ್ನ ಹೆಗಲು ಜಾರಿದ ದಿನ, ಲಾರಿ ಮಾಲೀಕ ರಜೆ ಕೊಡಲ್ಲ ಅಂದ ದಿನ, ನನ್ನದು ಒಂದು ತಗೋ ಮಗಾ ಎಂದು ಅವಳೇ ಕೈಯಲ್ಲಿ ಕೊಟ್ಟಳಂತೆ. ತಾಯಿ ಕೊಟ್ಟ ಮೊದಲ ಮಾತ್ರೆ! ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳಿಗೆ ಮೈ ಇಳಿದುಹೋಗಿದೆ, ತಪ್ಪೆಲ್ಲ ನನ್ನದೇ, ಅವನದೇನೂ ಇಲ್ಲ ಎಂದು ಗೋಡೆ ನೋಡಿಕೊಂಡು ಹೇಳುತ್ತಾಳೆ. ದೊಡ್ಡಮ್ಮ ಬಂದು ಎರಡು ದಿನ ಇದ್ದು, ಅಫೀಮು ತಿನ್ನಿಸಿ ಸಾಕಿದರೆ ಇನ್ನೇನಾಗುತ್ತದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿ ಹೋದಳು. ಅವಳ ಸೊಂಟ ಗಟ್ಟಿಯಾಗಿದೆ, ಮಾತಾಡುತ್ತಾಳೆ. ಅಮ್ಮನ ಬೆನ್ನನ್ನು ಒಂದು ದಿನ, ಒಂದೇ ದಿನ, ಅವಳಿಗೆ ಎರವಲು ಕೊಡಬೇಕು ಅನಿಸುತ್ತದೆ.

ಈಗ ಡಾಕ್ಟರಮ್ಮನ ಮಾತು ಕೇಳು. ಹೋದ ವಾರ ನನ್ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು. ಮಾತ್ರೆ ಇಲ್ಲದೆ ನಿಮ್ಮಮ್ಮ ಹಾಸಿಗೆ ಬಿಟ್ಟೇಳಲ್ಲ, ಹಾಸಿಗೆ ಹಿಡಿದರೆ ಮೂಳೆ ಇನ್ನೂ ಸವೆಯುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಮಾತ್ರೆ ಕೊಟ್ಟರೆ ಅದರ ಅಪಾಯ ಅದಕ್ಕಿದೆ, ಆದರೆ ನೀವು ನೋಡಿಕೊಂಡರೆ ಚಿಕ್ಕ ಪ್ರಮಾಣದಲ್ಲಿ ಮತ್ತೆ ಶುರು ಮಾಡಬಹುದು. ಒಂದೇ ಷರತ್ತು, ಆ ಹುಡುಗ ಆ ಮನೆಯಲ್ಲಿ ಇರಬಾರದು. ಬೀಗದ ಪೆಟ್ಟಿಗೆ ಇಡುತ್ತೇನೆ ಅಂದೆ. ಅವರು ನಕ್ಕರು, ನನಗೂ ನಗು ಬಂತು. ಅಂಗಡಿಯ ಬೀರುವನ್ನು ದಬ್ಬಳದಲ್ಲಿ ತೆರೆದವನಿಗೆ ಎಂಥ ಬೀಗ! ಆಮೇಲೆ ಅವರು ಹೇಳಿದ ಮಾತಿಗೆ ನನ್ನ ನಗು ಅಲ್ಲೇ ನಿಂತಿತು. ಚಟ ಬಿಟ್ಟು ಬಂದ ಮೇಲೆ ಮೈಗೆ ಹಳೆಯ ತಾಕತ್ತು ಇರುವುದಿಲ್ಲವಂತೆ. ಆಸೆ ತಡೆಯದೆ ಹಿಂದೆ ನುಂಗುತ್ತಿದ್ದಷ್ಟನ್ನೇ ನುಂಗಿದರೆ ನಿನ್ನ ಉಸಿರೇ ನಿಂತುಹೋಗಬಹುದಂತೆ. ಯೋಚಿಸಿ ಈ ಫಾರಂ ತುಂಬಿಕೊಂಡು ಗುರುವಾರ ಬನ್ನಿ ಎಂದು ಕಳಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನನಗೆ ಆ ಮಾತ್ರೆ ಬೇಡವೇ ಬೇಡ, ನನ್ನ ಮಗ ಮನೆಗೆ ಬರಲಿ, ಇಷ್ಟೇ. ಹಲ್ಲು ಕಚ್ಚಿಕೊಂಡು ಮಲಗಿದ್ದಾಳೆ. ಮಗ್ಗುಲು ಬದಲಿಸುವಾಗ ಹೊರಡುವ ಆ ಸದ್ದು ಕೆಳಗೆ ಅಂಗಡಿಗೆ ಕೇಳುತ್ತದೆ, ಅಳತೆ ಕೊಡಲು ನಿಂತ ಗಿರಾಕಿ ಗಾಬರಿಯಾಗಿ ಮೇಲೆ ನೋಡುತ್ತಾರೆ, ನಾನು ಟೇಪು ಹಿಡಿದುಕೊಂಡು ಕೇಳಿಸದವಳ ಹಾಗೆ ಎದೆ ಸುತ್ತಳತೆ ಬರೆದುಕೊಳ್ಳುತ್ತೇನೆ. ತ್ಯಾಗವಂತೆ! ಆ ತ್ಯಾಗ ನೋಡಿದರೂ ನನಗೆ ವಾಕರಿಕೆ ಬರುತ್ತದೆ, ಏನು ಮಾಡಲಿ.

ಹೆಗಲಿಗೆ ಅಲ್ಲಿ ಕಲಿಸಿದ ವ್ಯಾಯಾಮ ಬಿಡಬೇಡ. ನೋವಾದರೆ ಬಾಯಿ ಬಿಟ್ಟು ಅಲ್ಲಿಯವರಿಗೆ ಹೇಳು, ಮರ್ಯಾದೆಗೆ ಅಂಜಿ ನುಂಗಿಕೊಳ್ಳಬೇಡ, ನೀನು ನುಂಗಿದ್ದೆಲ್ಲ ಸಾಕು. ಚೆನ್ನಾಗಿ ನಿದ್ದೆ ಮಾಡು. ಇಷ್ಟು ಬೈದ ಮೇಲೂ ನೀನು ಚೆನ್ನಾಗಿರಬೇಕು, ಗಟ್ಟಿಯಾಗಿ ನಿಲ್ಲಬೇಕು ಎಂದು ದಿನಾ ಬೇಡಿಕೊಳ್ಳುವವಳು ನಾನೇ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ನನಗಿಂತ ಸಿಹಿಯಾಗಿ.

ಇಂತಿ,
ನಿನ್ನ ಅಕ್ಕ

ಮರೆತದ್ದು: ಮರೆತದ್ದೇನಲ್ಲ, ಇಷ್ಟುದ್ದ ಬರೆದೂ ಹೇಳೋಕೆ ಧೈರ್ಯ ಬರಲಿಲ್ಲ. ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಗುರುವಾರ ಆಗಿಹೋಗಿ ಐದು ದಿನವಾಯಿತು. ಮನೆಯಲ್ಲಿ ಮಾತ್ರೆಯ ಚಟ ಇರುವವರು ಯಾರಾದರೂ ವಾಸವಿದ್ದಾರೆಯೇ ಎಂಬ ಕಡೆ ಇಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಮಾತ್ರೆ ಶುರುವಾಗಿದೆ, ಮೇಲೆ ಬರೆದ ನರಳಾಟ ಅದಕ್ಕೂ ಮೊದಲಿನದು. ಅಮ್ಮನಿಗೆ ಅದು ಮೂಳೆ ಮಾತ್ರೆ ಎಂದು ಹೇಳಿ ನುಂಗಿಸುತ್ತಿದ್ದೇನೆ. ಉಗಿಯಬೇಕು ಅನಿಸಿದರೆ ಉಗಿ, ನಿನ್ನ ಅಕ್ಕನೇ ತಾನೇ ನಾನು. ಈ ತಿಂಗಳ ಕೊನೆಗೆ ಅಲ್ಲಿಂದ ಬಿಟ್ಟಾಗ ನೇರ ಸೋದರಮಾವನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗು, ಮೇಲಿನ ಕೋಣೆ ಗುಡಿಸಿಟ್ಟಿದ್ದಾರೆ, ಕೆಲಸವೂ ಕೊಡುತ್ತಾರೆ. ಮನೆಗೆ ಬರಬೇಡ. ನಿನ್ನೆ ಅಮ್ಮ ತಾನೇ ಎದ್ದು ಕಿಟಕಿಯ ತನಕ ನಡೆದು ಬಂದು, ನೋಡಿದೆಯಾ, ಆ ಮಾತ್ರೆ ಇಲ್ಲದೆಯೂ ನಡೆಯುತ್ತೇನೆ, ಇನ್ನು ಅವನು ಬರಲಿ ಅಂದಳು. ಇವತ್ತು ನಿನ್ನ ಹಾಸಿಗೆ ಬಿಸಿಲಿಗೆ ಹಾಕಿಸಿದ್ದಾಳೆ. ನಾನು ಬೇಡ ಅಂದರೆ ಅವಳು ಕೇಳಲ್ಲ. ನೀನೇ ಅವಳಿಗೆ ಒಂದು ಪತ್ರ ಬರೆ, ನಿನಗೇ ಬರೋಕೆ ಇಷ್ಟವಿಲ್ಲ ಎಂದು, ಅವಳು ನಂಬುವ ಹಾಗೆ ಬರೆ. ಹೇಗೆ ಬರೆಯಬೇಕು ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.